ಕನ್ನಡ ಬಾರದ ಟೀಚರು

“ಟೀಚರ್, ನಿಮಗೆ ಕನ್ನಡ ಬತ್ತದಲ್ಲ? ಮತ್ತೆಂತಕ್ಕೆ ಇಂಗ್ಲಿಷಲ್ಲಿ ಕೇಳಾದು?”

ಕಿಗ್ಗದ ಶಾಲೆಯ ಐದನೇ ತರಗತಿಯಲ್ಲಿ ವಿಜಯ ಎಂಬ ಹುಡುಗ ಎದ್ದು ನಿಂತು ಹೀಗೆ ಕೇಳಿದಾಗ ಭಾರ್ಗವಿಯ ಕೈಯಲ್ಲಿ ಛತ್ರಿಯ ಚಿತ್ರ ಬರೆದ ರಟ್ಟು ಇತ್ತು. ‘ವಾಟ್ ಈಸ್ ದಿಸ್’ ಎಂದು ಕೇಳಿ ಕೇಳಿ ಅವಳ ಗಂಟಲು ಒಣಗಿತ್ತು. ಮಕ್ಕಳು ಪ್ರತಿ ಸಲವೂ ಹುರುಪಿನಿಂದ ‘ಕೊಡೆ’ ಎಂದು ಕೂಗುತ್ತಿದ್ದರು. ಇಂಗ್ಲಿಷಿನಲ್ಲಿ ಹೇಳಿ ಎಂದು ಅವಳು ಗದರಿದ್ದು ಕೂಡ ಕನ್ನಡದಲ್ಲೇ. ವಿಜಯನ ಪ್ರಶ್ನೆಯಲ್ಲಿ ಅಧಿಕಪ್ರಸಂಗವೇನೂ ಇರಲಿಲ್ಲ. ಒಂದು ಮಾತು ಇಬ್ಬರಿಗೂ ಚೆನ್ನಾಗಿ ಬರುವಾಗ ಇನ್ನೊಂದನ್ನು ಯಾಕೆ ಎಳೆದು ತರಬೇಕೆಂಬುದು ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಭಾರ್ಗವಿ ರಟ್ಟನ್ನು ಮೇಜಿನ ಮೇಲೆ ಮಗುಚಿಟ್ಟು, “ಕೂತ್ಕೋ” ಎಂದಳು.

ಸಂಜೆ ಶೃಂಗೇರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿಕೊಂಡು ಕೂತಾಗ ಅವಳಿಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು. ಸಿಟ್ಟು ಆ ಹುಡುಗನ ಮೇಲಲ್ಲ. ಭೂತಾನದ ಪೂರ್ವದ ಮೂಲೆಯಲ್ಲಿ, ಬಸ್ಸಿಳಿದ ಮೇಲೆ ದಿನವಿಡೀ ಗುಡ್ಡ ಹತ್ತಿ ಮುಟ್ಟಬೇಕಾದ ಊರಿನಲ್ಲಿ ಅವಳು ಪಾಠ ಮಾಡಿದ್ದಳು. ಅಲ್ಲಿ ಚಳಿಗಾಲದಲ್ಲಿ ಮಕ್ಕಳು ಪುಸ್ತಕದ ಜೊತೆ ಒಂದೊಂದು ಸೌದೆ ತುಂಡನ್ನೂ ಹೊತ್ತು ತರುತ್ತಿದ್ದರು. ಆಮೇಲೆ ಇಥಿಯೋಪಿಯಾದ ಎತ್ತರದ ಸೀಮೆಯ ಒಂದು ಪಟ್ಟಣ. ಬೆಂಚು ಸಾಲದೆ ಮಕ್ಕಳು ಕಲ್ಲು ಜೋಡಿಸಿಕೊಂಡು ಕೂರುತ್ತಿದ್ದರು. ಎರಡೂ ಕಡೆ ಮಕ್ಕಳು ಕಲಿತರು. ವರ್ಷ ತಿರುಗುವುದರೊಳಗೆ ಅವಳ ಹತ್ತಿರ ಜಗಳ ತೆಗೆಯುವಷ್ಟು ಇಂಗ್ಲಿಷ್ ಅವರಿಗೆ ಬಂದಿತ್ತು. ತನ್ನದೇ ಸೀಮೆಯಲ್ಲಿ, ತನ್ನದೇ ಮಾತಾಡುವ ಮಕ್ಕಳ ಮುಂದೆ ಮಾತ್ರ ಅವಳ ವಿದ್ಯೆ ನಡೆಯುತ್ತಿರಲಿಲ್ಲ.

ಅವಳು ಹುಟ್ಟಿ ಬೆಳೆದದ್ದು ನರಸಿಂಹರಾಜಪುರದಲ್ಲಿ. ಅಪ್ಪ ಅಮ್ಮ ಹೋದ ಮೇಲೆ ಆ ಊರಿನ ನಂಟು ಕಳಚಿತ್ತು. ಈಗ ತವರು ಎಂದರೆ ಕೊಪ್ಪದಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಟಿದ್ದ ಅಣ್ಣ ದತ್ತಮೂರ್ತಿಯ ಮನೆ. ಇಥಿಯೋಪಿಯಾದ ಒಪ್ಪಂದ ಮುಗಿಸಿ ಬಂದವಳಿಗೆ ಮಾಲ್ಡೀವ್ಸಿನ ಯಾವುದೋ ದ್ವೀಪದ ಶಾಲೆಯಿಂದ ಕರೆ ಬರುವುದಿತ್ತು. ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಶುರುವಾದ ವರ್ಷ ಅದು. ಬೆಂಗಳೂರಿನ ಒಂದು ಟ್ರಸ್ಟಿನವರು ಕಾಡಂಚಿನ ಶಾಲೆಗಳಿಗೆ ಸುತ್ತಿ ಪಾಠ ಮಾಡುವವರನ್ನು ಹುಡುಕುತ್ತಿದ್ದರು. ಸುಮ್ಮನೆ ಕೂತು ಏನು ಮಾಡುವುದೆಂದು ಒಪ್ಪಿಕೊಂಡಳು. ಶೃಂಗೇರಿಯಲ್ಲಿ ಒಂದು ಕೋಣೆ ಹಿಡಿದು ಕಿಗ್ಗ, ನೆಮ್ಮಾರ್ ಎಂದು ಅಲೆದಳು. ಶನಿವಾರ ಕೊಪ್ಪಕ್ಕೆ ಹೋಗಿ ಅತ್ತಿಗೆಯ ಕೈಯಡುಗೆ ಉಣ್ಣುವಳು. ದೀಪಾವಳಿ ಕಳೆದ ಮೇಲೆ ಕೆರೆಕಟ್ಟೆಯ ಶಾಲೆಯೂ ಸೇರಿತು.

ಕೆರೆಕಟ್ಟೆಗೆ ಹೋದ ಮೊದಲ ದಿನ, ಮಕ್ಕಳ ಕಣ್ಣಿಗೆ ಬೀಳುವ ಮೊದಲೇ ಅವಳು ಹೆಡ್‌ಮಾಸ್ಟರ ಕೋಣೆಗೆ ನುಗ್ಗಿದಳು. ಹೆಡ್‌ಮಾಸ್ಟರು ವೃಷಭೇಂದ್ರಪ್ಪ ತರೀಕೆರೆ ಕಡೆಯವರು, ನಿವೃತ್ತಿಗೆ ಹತ್ತಿರವಾದವರು.

“ಸಾರ್, ನನಗೆ ಕನ್ನಡ ಬರೋದಿಲ್ಲ ಅಂತ ಮಕ್ಕಳಿಗೆ ಹೇಳಿಬಿಡಿ.”

ಅವರು ಕನ್ನಡಕ ತೆಗೆದು ಅವಳನ್ನು ನೋಡಿದರು. “ನಾಟಕ ಮಾಡಾಣ ಅಂತೀರಾ ಮೇಡಂ?”

“ಭೂತಾನದಿಂದ ಬಂದವಳು ಅಂತ ಹೇಳಿ. ಅದು ಸುಳ್ಳಲ್ಲವಲ್ಲ.”

“ಊರಿನೋರಿಗೆ?”

“ಅವರಿಗೂ ಹಾಗೇ.”

ವೃಷಭೇಂದ್ರಪ್ಪನವರು ಹೊಟ್ಟೆ ಕುಲುಕುವಂತೆ ನಕ್ಕರು. “ನನ್ನ ಸರ್ವೀಸಲ್ಲಿ ಇದೊಂದು ಬಾಕಿ ಇತ್ತು ನೋಡ್ರಿ” ಎಂದು ಎದ್ದರು.

ಮೊದಲ ದಿನ ತರಗತಿಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಮಕ್ಕಳು ಅವಳನ್ನು ವಸ್ತುಪ್ರದರ್ಶನಕ್ಕೆ ಬಂದ ಪ್ರಾಣಿಯಂತೆ ನೋಡಿದರು. ಮಧ್ಯಾಹ್ನದ ಹೊತ್ತಿಗೆ ಭಾರ್ಗವಿ ಗಂಟಲು ಹಿಡಿದುಕೊಂಡು ಆಚೀಚೆ ನೋಡಿದಳು. ಹಿಂದಿನ ಸಾಲಿನಲ್ಲಿದ್ದ ಏಳನೇ ತರಗತಿಯ ಹುಡುಗಿಯೊಬ್ಬಳು ಪಕ್ಕದವಳನ್ನು ತಿವಿದು, ಆಮೇಲೆ ಧೈರ್ಯ ಮಾಡಿ, “ವಾಟರ್?” ಎಂದಳು. “ಯೆಸ್! ವಾಟರ್, ಪ್ಲೀಸ್!” ಎಂದಳು ಭಾರ್ಗವಿ. ಹುಡುಗಿ ಓಡಿಹೋಗಿ ಲೋಟದಲ್ಲಿ ನೀರು ತಂದುಕೊಟ್ಟಳು. ತಾನು ಆಡಿದ ಒಂದು ಮಾತಿಗೆ ಎದುರಿನ ದೊಡ್ಡವರೊಬ್ಬರು ಗಟಗಟ ನೀರು ಕುಡಿದದ್ದನ್ನು ಕಂಡು ಅವಳ ಮುಖ ಅರಳಿತು. ಆ ಹುಡುಗಿಯ ಹೆಸರು ಭಾಗ್ಯ.

ಅಲ್ಲಿಂದ ಮುಂದೆ ಕಟ್ಟೆ ಒಡೆದಂತಾಯಿತು. “ಟೀಚರ್, ಡಾಗ್ ಕಮ್.” “ಟೀಚರ್, ಬಸ್ ನೋ ಟುಡೇ.” “ಟೀಚರ್, ಹೀ ಬೀಟ್ ಮೀ, ಐ ನೋ ಬೀಟ್.” ವ್ಯಾಕರಣ ಎಕ್ಕುಟ್ಟಿಹೋಗಿತ್ತು, ಆದರೆ ಮಕ್ಕಳು ಮಾತಾಡುತ್ತಿದ್ದರು. ಮಾತು ಬಾರದ ಟೀಚರಿಗೆ ಊರಿನ ಸಮಾಚಾರವೆಲ್ಲ ತಿಳಿಸುವ ಹೊಣೆ ತಮ್ಮ ಮೇಲಿದೆ ಎಂದು ಅವರು ತಿಳಿದಂತಿತ್ತು. ಅದನ್ನು ಕೇಳಿ ಟ್ರಸ್ಟಿನವರು ಬಂದು ನೋಡುತ್ತೇವೆಂದರು. ನಡೆಯುತ್ತದೆಂದು ಕಂಡರೆ ತಾಲ್ಲೂಕಿನ ಎಲ್ಲ ಶಾಲೆಗಳಿಗೂ ಹೀಗೆ ಕನ್ನಡವಾಡದ ಟೀಚರುಗಳನ್ನೇ ಕೊಡುವ ಯೋಚನೆ ಅವರದು.

ಕಷ್ಟವಾದದ್ದು ಬೇರೆ. ಬಿಸಿಯೂಟ ಮಾಡುವ ಜಲಜಮ್ಮ ಅನ್ನ ಬಡಿಸುತ್ತ ಅವಳ ಎದುರಿಗೇ ಹೇಳುವಳು: “ನೋಡಕ್ಕೆ ನಮ್ಮ ಕಡೆಯೋರ ಹಾಗೇ ಇದಾರೆ. ಇಷ್ಟು ವಯಸ್ಸಾದ್ರೂ ಮದುವೆ ಇಲ್ವಂತೆ ಪಾಪ. ಆ ಭೂತಾನಲ್ಲಿ ಗಂಡೇ ಇಲ್ವಾ ಎಂತ ಕತೆ?” ಭಾರ್ಗವಿ ಹುಳಿಯ ಕಡೆ ಕೈ ತೋರಿಸಿ “ವೆರಿ ಗುಡ್” ಎನ್ನಬೇಕಾಗಿತ್ತು. ಬಾಗಿಲಲ್ಲಿ ನಿಂತ ವೃಷಭೇಂದ್ರಪ್ಪನವರಿಗೆ ಕೆಮ್ಮು ಬರುತ್ತಿತ್ತು.

ಭಾಗ್ಯ ಊಟವಾದ ಮೇಲೆ ಅವಳ ಹತ್ತಿರ ಬಂದು ಜಗಲಿಯ ಕಂಬಕ್ಕೆ ಒರಗಿ ಕೂರುತ್ತಿದ್ದಳು. ಮೊದಮೊದಲು ಗೊತ್ತಿದ್ದ ಇಂಗ್ಲಿಷೆಲ್ಲ ಖರ್ಚು ಮಾಡುವಳು. ಅದು ಮುಗಿದ ಮೇಲೆ ಮೆಲ್ಲನೆ ಕನ್ನಡಕ್ಕೆ ಇಳಿಯುವಳು. ಅದು ಟೀಚರಿಗೆ ಹೇಳುವ ಮಾತಾಗಿರಲಿಲ್ಲ, ಹೇಳದ ಮಾತೂ ಆಗಿರಲಿಲ್ಲ. ಅಮ್ಮನ ಬಾಚಣಿಗೆ ಮುರಿದದ್ದು ತಾನೇ, ಬಯ್ಗುಳ ತಿಂದದ್ದು ಅಜ್ಜಿ. ಪೇಟೆಯಿಂದ ಬರುವ ಜೀಪಿನಲ್ಲಿ ಮುಂದಿನ ಸೀಟಿನಲ್ಲಿ ಒಂದು ಸಲವಾದರೂ ಕೂರಬೇಕು. ಕಾಡಿನ ದಾರಿಯಲ್ಲಿ ನಕ್ಸಲರೋ ಪೊಲೀಸರೋ, ಬಂದೂಕು ಹಿಡಿದವರು ಕಂಡರೆ ಇವತ್ತಿಗೂ ಉಚ್ಚೆ ಬಂದಹಾಗೆ ಆಗುತ್ತದೆ, ಆದರೆ ಅದನ್ನು ಯಾರಿಗೂ ಹೇಳುವುದಿಲ್ಲ. ಭಾರ್ಗವಿ ರಟ್ಟುಗಳನ್ನು ಜೋಡಿಸುತ್ತ, ಏನೂ ತಿಳಿಯದವಳ ಮುಖ ಮಾಡಿಕೊಂಡು ಕೇಳುತ್ತಿದ್ದಳು. ಕದ್ದು ಕೇಳುತ್ತಿದ್ದೇನೆ ಎಂದು ಅನ್ನಿಸುತ್ತಿತ್ತು. ಆದರೂ ಮುಂದಿನ ಸಲ ಬಸ್ಸು ನೆಮ್ಮಾರ್ ದಾಟುವಾಗಲೇ ಆ ಮಧ್ಯಾಹ್ನಕ್ಕಾಗಿ ಮನಸ್ಸು ಕಾಯುತ್ತಿತ್ತು. ಇಷ್ಟು ದೇಶ ಸುತ್ತಿದರೂ ಯಾವ ಮಗುವೂ ಅವಳ ಹತ್ತಿರ ಹೀಗೆ ಮಾತಾಡಿರಲಿಲ್ಲ.

ಕೊಪ್ಪದ ಮನೆಯಲ್ಲಿ ಅವಳು ಇದನ್ನೆಲ್ಲ ಹೇಳಿಕೊಂಡು ನಕ್ಕಿದ್ದಳು. ಅಣ್ಣನ ಮಗಳು ಅಪೂರ್ವಾ ಬಾಣಂತನಕ್ಕೆ ಬಂದಿದ್ದಳು. ಅತ್ತಿಗೆ ಗಂಗಾಲಕ್ಷ್ಮಿ ಸೊಂಟ ಹಿಡಿದುಕೊಂಡೇ ಬಿಸಿನೀರು ಕಾಯಿಸುತ್ತ, “ಆ ಭಾಗ್ಯ ಅನ್ನೋಳು ಚುರುಕಾ?” ಎಂದು ಕೇಳಿದ್ದಳು. “ಚುರುಕು ಅಂದ್ರೆ ಎಂತ ಅತ್ತಿಗೆ! ಅಚ್ಚುಕಟ್ಟು. ತನ್ನ ತಮ್ಮನ್ನ ಸೊಂಟದ ಮೇಲೆ ಕೂರಿಸ್ಕೊಂಡೇ ಬೆಳೆಸಿದೋಳು” ಎಂದಿದ್ದಳು ಭಾರ್ಗವಿ.

ಡಿಸೆಂಬರಿನ ಒಂದು ಮಧ್ಯಾಹ್ನ ಭಾಗ್ಯ ಕಂಬಕ್ಕೆ ಒರಗಲಿಲ್ಲ. ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು ಟೀಚರ ಮುಖವನ್ನೇ ನೋಡುತ್ತ ಹೇಳಿದಳು.

“ಸೋಮವಾರ ನಾನು ಬರಾದಿಲ್ಲ ಟೀಚರ್. ಕೊಪ್ಪಕ್ಕೆ ಹೋಗಾದು. ಜೀಪಿನ ವಾಸಪ್ಪ ಬಂದು ಅಮ್ಮಂಗೆ ಹೇಳಿದ. ದತ್ತಮೂರ್ತಿ ಅಂತೆ, ಪ್ರೆಸ್ ಇದ್ಯಂತೆ. ಮಗು ನೋಡ್ಕಳಾದು. ಶಾಲೇಲಿ ಹೇಳ್ಬ್ಯಾಡ, ಮೇಷ್ಟ್ರು ಗಲಾಟೆ ಮಾಡ್ತರೆ ಅಂದಳು ಅಮ್ಮ. ನಿಮಗೆ ಹೇಳಿರೆ ಎಂತದೂ ಆಗಾದಿಲ್ಲ ಅಲ್ದಾ.”

ಭಾರ್ಗವಿಯ ಕೈಯಲ್ಲಿದ್ದ ರಟ್ಟುಗಳು ಜಾರಿ ಜಗಲಿಯ ಮೇಲೆ ಹರಡಿದವು. ಹುಡುಗಿ ಬಗ್ಗಿ ಒಂದೊಂದಾಗಿ ಎತ್ತಿಕೊಟ್ಟಳು.

“ಅಲ್ಲಿ ಟಿವಿ ಇರ್ತದಂತೆ. ಹೋಗಕ್ಕೆ ಆಸೆ ಇಲ್ಲ ಅಂತಲ್ಲ. ಆದ್ರೆ ಅಲ್ಲಿ ಯಾರ ಹತ್ರ ಮಾತಾಡಾದು ಅಂತ.” ಆಮೇಲೆ ಇಂಗ್ಲಿಷಿನಲ್ಲಿ ಕೇಳಿದಳು: “ಟೀಚರ್, ಕೊಪ್ಪ ಗುಡ್?”

ಬಾಯಿಗೆ ಬಂದ ಕನ್ನಡವನ್ನು ನುಂಗಿಕೊಂಡು ಭಾರ್ಗವಿ, “ಡೂ ಯು ವಾಂಟ್ ಟು ಗೋ?” ಎಂದಳು. ಭಾಗ್ಯ ಯೋಚಿಸಿದಳು. “ಐ ಡೋಂಟ್ ನೋ” ಎಂದಳು. ಅವಳು ಆಡಿದ ಇಂಗ್ಲಿಷಿನಲ್ಲಿ ಒಂದು ತಪ್ಪೂ ಇಲ್ಲದ ಮೊದಲ ವಾಕ್ಯ ಅದು.

ಶನಿವಾರ ಕೊಪ್ಪದ ಮನೆಯಲ್ಲಿ ಚಪ್ಪಲಿ ಬಿಡುವ ಮೊದಲೇ ಭಾರ್ಗವಿ ಅತ್ತಿಗೆಯನ್ನು ಹಿಡಿದಳು.

“ಕೆರೆಕಟ್ಟೆ ಹುಡುಗಿನ ಕರೆಸ್ತಿದೀರಂತಲ್ಲ?”

“ಹೌದು. ನೀನೇ ಹೇಳಿದ್ದಲ್ದನೇ, ಚುರುಕು ಅಂತ” ಎಂದಳು ಗಂಗಾಲಕ್ಷ್ಮಿ. “ನಿನ್ನ ನಾಟಕ ಹಾಳಾಗದು ಬೇಡ ಅಂತ ವಾಸಪ್ಪನ ಹತ್ರ ನಿನ್ನ ಹೆಸರು ಎತ್ತಲಿಲ್ಲ ನಾನು. ಅಷ್ಟಾದ್ರೂ ಬುದ್ಧಿ ಇದೆ ನಂಗೆ.”

“ಅತ್ತಿಗೆ, ಅವಳಿನ್ನೂ ಹನ್ನೆರಡರವಳು. ಅಷ್ಟು ಚಿಕ್ಕೋರನ್ನ ಮನೆಗೆಲಸಕ್ಕೆ ಇಟ್ಕೊಳ್ಳೋ ಹಾಗಿಲ್ಲ ಅಂತ ಕಾನೂನೇ ಬಂದಿದೆ.”

“ಕೆಲಸಕ್ಕೆ ಅಂತ ಯಾರು ಹೇಳಿದ್ದು? ಮನೆ ಕೂಸಿನ ಹಾಗೆ ಇರ್ತಾಳೆ. ಇಲ್ಲೇ ಶಾಲೆಗೆ ಹಾಕುವ. ಬೆಳಗ್ಗೆ ಸಂಜೆ ತೊಟ್ಟಿಲು ತೂಗಿರೆ ಸಾಕು.”

“ಅದನ್ನೇ ಕೆಲಸ ಅನ್ನೋದು.”

ಗಂಗಾಲಕ್ಷ್ಮಿ ಕೈಯಲ್ಲಿದ್ದ ಸಟ್ಟುಗ ಕೆಳಗಿಟ್ಟಳು. ಅವಳ ದನಿ ಏರಲಿಲ್ಲ. “ನೋಡು ಭಾರ್ಗವಿ. ನನ್ನ ಸೊಂಟ ಬಿದ್ದು ಹೋಗಿದೆ. ಅಪೂರ್ವಾಗೆ ಏಳಕ್ಕೆ ಆಗ್ತಿಲ್ಲ. ನೀನು ವಾರಕ್ಕೊಂದು ಸಲ ಬಂದು ಉಂಡು ಹೋಗ್ತೀಯ, ನಂಗೆ ಬೇಜಾರಿಲ್ಲ. ಆದ್ರೆ ಆ ಮಾಲ್ಡೀವ್ಸಿನೋರು ನಾಳೆ ಬಾ ಅಂದ್ರೆ ನಾಡಿದ್ದು ವಿಮಾನ ಹತ್ತೋಳು ನೀನು. ಆಮೇಲೆ ಆ ಹುಡುಗಿಗೆ ಎಂತ ಮಾಡ್ತೀ? ನಾನಾದ್ರೆ ಇಲ್ಲೇ ಇರ್ತೆ.”

ಭಾರ್ಗವಿ ಅಣ್ಣನ ಕಡೆ ನೋಡಿದಳು. ದತ್ತಮೂರ್ತಿ ಯಾರದೋ ಮದುವೆ ಕಾಗದದ ಕರಡು ತಿದ್ದುತ್ತಿದ್ದ. “ನಿಮ್ಮಿಬ್ಬರ ಮಧ್ಯೆ ನಾನು ಬರೋದಿಲ್ಲ ಮಾರಾಯ್ತಿ” ಎಂದ.

ಭಾನುವಾರ ಬೆಳಿಗ್ಗೆ ಅವಳು ವೃಷಭೇಂದ್ರಪ್ಪನವರಿಗೆ ಫೋನ್ ಮಾಡಿದಳು. ಅವರು ಪೂರ್ತಿ ಕೇಳಿಸಿಕೊಂಡು ನಿಟ್ಟುಸಿರಿಟ್ಟರು. “ನಾನು ಹೋದರೆ ಹುಡುಗಿ ತಾಯಿ ಮನೆಯಲ್ಲಿಲ್ಲ ಅನ್ನಿಸ್ತಾಳೆ. ನೀವು ಹೋಗಿ ಕನ್ನಡದಲ್ಲಿ ಬಾಯಿಬಿಟ್ರೆ ಇಷ್ಟು ದಿನದ್ದೆಲ್ಲ ನೀರಿಗೆ ಹಾಕಿದಂಗೆ. ಬುಧವಾರ ಟ್ರಸ್ಟಿನೋರು ಬರ್ತಾರೆ. ಅವರು ಬಂದು ನೋಡಿ ಹೋಗ್ಲಿ, ಆಮೇಲೆ ಏನಾದ್ರೂ ಮಾಡಾಣ.”

“ಸೋಮವಾರ ಅವಳು ಹೊರಡ್ತಾಳೆ ಸಾರ್.”

“ಗೊತ್ತಾಯ್ತು ಮೇಡಂ. ಆದ್ರೆ ಯೋಚನೆ ಮಾಡ್ರಿ.”

ಕೊಪ್ಪದಿಂದ ಶೃಂಗೇರಿಗೆ, ಅಲ್ಲಿಂದ ಕಾರ್ಕಳದ ಬಸ್ಸು ಹಿಡಿದು ಕೆರೆಕಟ್ಟೆಗೆ. ಯೋಚನೆ ಮಾಡಲು ದಾರಿಯುದ್ದಕ್ಕೂ ಸಮಯವಿತ್ತು. ಪ್ರತಿ ನಿಲ್ದಾಣದಲ್ಲೂ ಇಳಿದು ಹಿಂದಿರುಗಬಹುದಿತ್ತು. ಭಾನುವಾರವಾದ್ದರಿಂದ ಶಾಲೆಗೆ ಬೀಗ. ರಸ್ತೆಯಿಂದ ಕೆಳಗಿಳಿದು, ಹಳ್ಳಕ್ಕೆ ಅಡ್ಡ ಹಾಕಿದ ಮರದ ಸಂಕ ದಾಟಿ, ಭಾಗ್ಯಳ ಮನೆ ಎಲ್ಲೆಂದು ಕೇಳಿಕೊಂಡು ಹೋಗಬೇಕಾಯಿತು. ಕೇಳಿದ್ದು ಕನ್ನಡದಲ್ಲಿ. ಅಂಗಡಿಯ ಮುಂದಿದ್ದವರು ಬಾಯಿ ತೆರೆದು ನೋಡಿದರು.

ಭಾಗ್ಯಳ ಅಮ್ಮ ಶಾಂತಕ್ಕ ಅಂಗಳದಲ್ಲಿ ತರಗೆಲೆ ತುಂಬಿದ ಜಲ್ಲೆಬುಟ್ಟಿ ಇಳಿಸುತ್ತಿದ್ದಳು. ಟೀಚರನ್ನು ಕಂಡು ಅವಸರವಾಗಿ ಕೈ ಒರೆಸಿಕೊಂಡಳು. ಹಿಂದೊಮ್ಮೆ ಶಾಲೆಗೆ ಬಂದಿದ್ದಾಗ ಅವಳು ಭಾರ್ಗವಿಯ ಎದುರಿಗೇ ಜಲಜಮ್ಮನ ಹತ್ತಿರ ಗಂಡನ ಕುಡಿತದ ಬಗ್ಗೆ, ಅವನು ಬಿಟ್ಟುಹೋದದ್ದರ ಬಗ್ಗೆ ಮನಸ್ಸು ಬಿಚ್ಚಿ ಅತ್ತಿದ್ದಳು. ಈಗ ಒಳಗೆ ತಿರುಗಿ, “ಏ ಭಾಗ್ಯ, ನಿನ್ನ ಟೀಚರು ಬಂದಾರೆ, ಎಂತ ಬೇಕು ಅಂತ ಇಂಗ್ಲಿಷಲ್ಲಿ ಕೇಳು ಬಾ” ಎಂದು ಕೂಗಿದಳು.

“ಶಾಂತಕ್ಕ, ನಿಮ್ಮ ಹತ್ರವೇ ಮಾತಾಡಬೇಕಿತ್ತು” ಎಂದಳು ಭಾರ್ಗವಿ.

ಬಾಗಿಲಿಗೆ ಬಂದಿದ್ದ ಭಾಗ್ಯ ಅಲ್ಲೇ ನಿಂತಳು. ಭಾರ್ಗವಿ ಅವಳ ಕಡೆ ನೋಡದೆ ಬಡಬಡನೆ ಹೇಳಿಕೊಂಡು ಹೋದಳು. ಕೊಪ್ಪಕ್ಕೆ ಕಳಿಸಬೇಡಿ, ಓದು ನಿಲ್ಲಿಸಬೇಡಿ, ಏಳನೇ ತರಗತಿ ಮುಗಿದ ಮೇಲೆ ಶೃಂಗೇರಿಯ ಹಾಸ್ಟೆಲಿಗೆ ಸೇರಿಸಲು ತಾನೇ ಓಡಾಡುತ್ತೇನೆ. ಶಾಂತಕ್ಕ ಮಾತು ಕೇಳುತ್ತಿದ್ದಳೋ ಇಲ್ಲವೋ. ಅವಳ ಮುಖಕ್ಕೆ ರಕ್ತ ಏರುತ್ತಿತ್ತು.

“ಹಂಗಾರೆ ನಿಮಗೆ ಕನ್ನಡ ಬತ್ತದೆ.”

“ಬರ್ತದೆ. ಮಕ್ಕಳು ಕಲೀಲಿ ಅಂತ…”

“ಆವತ್ತು ನಾನು ಅಷ್ಟೆಲ್ಲ ಹೇಳ್ಕೊಂಡು ಅತ್ತದ್ದು, ಎಲ್ಲ ಗೊತ್ತಾಗಿತ್ತು. ಕಲ್ಲಿನ ಹಾಗೆ ಕೂತಿದ್ರಿ.”

“ತಪ್ಪಾಯ್ತು ಶಾಂತಕ್ಕ. ಆದ್ರೆ ಈಗ ಹುಡುಗಿ ವಿಷಯ…”

“ಹುಡುಗಿ ಹೋಗಾದು ಒಳ್ಳೆ ಮನೆಗೆ. ಇಲ್ಲಿ ಏಳನೇ ಮುಗಿದ ಮೇಲೆ ಆ ಕಾಡು ದಾರೀಲಿ ಬಸ್ಸಿಗೆ ಕಾಯ್ಕಂಡು ನಿಲ್ಲಕ್ಕೆ ಬಿಡ್ಲಾ? ಬಂದೂಕಿನೋರು ಯಾವಾಗ ಎಲ್ಲಿಂದ ಬತ್ತರೆ ಅಂತ ನಿಮಗೆ ಗೊತ್ತುಂಟಾ? ಆ ಮನೆಯೋರು ಶಾಲೆಗೂ ಕಳಿಸ್ತರಂತೆ.”

“ಆ ಮನೆ ನನ್ನ ಅಣ್ಣಂದೇ. ಅದಕ್ಕೇ ಹೇಳ್ತಿರೋದು, ಅಲ್ಲಿಗೆ ಬೇಡ.”

ಹೇಳಿದ ಕೂಡಲೇ ಮಾತು ಬೇರೆ ದಾರಿ ಹಿಡಿಯಿತೆಂದು ಭಾರ್ಗವಿಗೆ ತಿಳಿಯಿತು. ಶಾಂತಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಎರಡು ಹೆಜ್ಜೆ ಮುಂದೆ ಬಂದಳು.

“ಓ, ಹಂಗಾ! ನಿಮ್ಮ ಮನೆಗೆ ಬೇಡ. ಶಾಲೇಲಿ ಜೊತೇಲಿ ಕೂರಿಸ್ಕೊಂಡು ಮಾತಾಡ್ಬಹುದು, ಮನೆ ಒಳಗೆ ಮಾತ್ರ ಬೇಡ. ನಮ್ಮ ಹುಡುಗಿ ಮುಟ್ಟಿರೆ ನಿಮ್ಮನೆ ತೊಟ್ಟಿಲು ಮೈಲಿಗೆ ಆತದಾ ಟೀಚರಮ್ಮ?”

“ಅಯ್ಯೋ, ಅದಲ್ಲ! ದೇವರಾಣೆ ಅದಲ್ಲ ಶಾಂತಕ್ಕ. ನಾನು ಹೇಳ್ತಿರೋದೇ ಬೇರೆ…”

“ನೀವು ಹೇಳಾದು ಚೆನ್ನಾಗಿ ಗೊತ್ತಾಯ್ತು. ನಮಗೂ ಕನ್ನಡ ಬತ್ತದೆ.”

ಭಾರ್ಗವಿ ಮತ್ತೆ ಮತ್ತೆ ಬಿಡಿಸಿ ಹೇಳಿದಳು. ಕಾನೂನು ಹೇಳಿದಳು, ಅತ್ತಿಗೆಯ ಸೊಂಟ ನೋವಿನ ಕತೆ ಹೇಳಿದಳು, ತನ್ನಿಂದಲೇ ಈ ಯೋಚನೆ ಹುಟ್ಟಿದ್ದೆಂದೂ ಹೇಳಿದಳು. ಹೇಳಿದಷ್ಟೂ ಅದು ಕೆಡುತ್ತ ಹೋಯಿತು. ಭೂತಾನದಲ್ಲಿ ಕೈಸನ್ನೆ, ಮುಖಸನ್ನೆಯಲ್ಲೇ ಸಾವಿನ ಮನೆಗಳಲ್ಲಿ ಕೂಡ ಸಮಾಧಾನ ಹೇಳಿ ಬಂದವಳು ಅವಳು. ಇಲ್ಲಿ ಒಂದೊಂದು ಶಬ್ದವೂ ಗೊತ್ತಿದ್ದ ಹೆಂಗಸಿನ ಮುಂದೆ ಅವಳ ಮಾತು ದಾಟಲಿಲ್ಲ.

“ನಮ್ಮ ಮಗು ನಿಮ್ಮ ಮನೆಗೆ ಬರಾದಿಲ್ಲ. ಸಮಾಧಾನ ಆಯ್ತಾ? ವಾಸಪ್ಪಂಗೆ ನಾನೇ ಹೇಳ್ತೆ” ಎಂದು ಶಾಂತಕ್ಕ ಜಲ್ಲೆ ಎತ್ತಿಕೊಂಡು ಹಿತ್ತಿಲಿಗೆ ನಡೆದಳು.

ಬಾಗಿಲಲ್ಲಿ ಭಾಗ್ಯ ಇನ್ನೂ ನಿಂತಿದ್ದಳು. ಭಾರ್ಗವಿಯನ್ನು ಅವಳು ಸಿಟ್ಟಿನಿಂದ ನೋಡಲಿಲ್ಲ. ಎಲ್ಲಿಂದಲೋ ಒಂದೊಂದೇ ನೆನಪಿಗೆ ಬರುತ್ತಿರುವಂತೆ, ಬಾಚಣಿಗೆ, ಬಂದೂಕು, ಇನ್ನೂ ಏನೇನು ಹೇಳಿದ್ದೆನೋ ಎಂದು ಹುಡುಕುತ್ತಿರುವಂತೆ ನೋಡಿದಳು. ಆಮೇಲೆ ಕಿವಿಯವರೆಗೂ ಕೆಂಪಾಗಿ ಒಳಗೆ ಹೋಗಿಬಿಟ್ಟಳು.

ಸೋಮವಾರ ಭಾಗ್ಯ ಶಾಲೆಗೆ ಬಂದಳು. ಸುದ್ದಿಯೂ ಅವಳಿಗಿಂತ ಮೊದಲೇ ಬಂದಿತ್ತು. ಮಕ್ಕಳು ಭಾರ್ಗವಿಯನ್ನು ಸುತ್ತುವರಿದು, “ಟೀಚರ್, ನಿಮಗೆ ಕನ್ನಡ ಬತ್ತದಂತೆ, ಹೌದಾ? ಒಂದ್ಸಲ ಮಾತಾಡಿ!” ಎಂದು ಕುಣಿದರು. ಜಲಜಮ್ಮ ತಲೆಯೆತ್ತದೆ ಬಡಿಸಿದಳು. ಬುಧವಾರ ಟ್ರಸ್ಟಿನವರು ಕಾರಿನಲ್ಲಿ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಭಾರ್ಗವಿ ಇಂಗ್ಲಿಷಿನಲ್ಲಿ ಏನು ಕೇಳಿದರೂ ಮಕ್ಕಳು ಸಂತೋಷದಿಂದ, ಪ್ರೀತಿಯಿಂದ, ಕನ್ನಡದಲ್ಲಿ ಉತ್ತರ ಕೊಟ್ಟರು. ಬಂದವರು ಎಳನೀರು ಕುಡಿದು, ಪತ್ರ ಬರೆಯುತ್ತೇವೆಂದು ಹೇಳಿ ಹೋದರು. ವೃಷಭೇಂದ್ರಪ್ಪನವರು ಗೇಟಿನವರೆಗೆ ಹೋಗಿ ಕಳಿಸಿ ಬಂದು, “ಇರ್ಲಿ ಬಿಡ್ರಿ. ಹುಡುಗಿ ಇದಾಳಲ್ಲ” ಎಂದರು. ಆದರೆ ಅವರ ದನಿಯಲ್ಲಿ ಬೇಸರವಿತ್ತು.

ಊಟದ ಹೊತ್ತಿನಲ್ಲಿ ಭಾರ್ಗವಿ ಜಗಲಿಯಲ್ಲಿ ಕೂತು ಕಾದಳು. ಭಾಗ್ಯ ತಟ್ಟೆ ತೊಳೆದು ಅವಳ ಎದುರಿಗೇ ಹಾದು ಹೋಗುವುದಿತ್ತು.

“ಊಟ ಆಯ್ತಾ ಭಾಗ್ಯ?” ಎಂದಳು ಭಾರ್ಗವಿ, ಆದಷ್ಟು ಮೆತ್ತಗೆ.

ಹುಡುಗಿ ನಿಂತು ಕೈಕಟ್ಟಿದಳು. “ಯೆಸ್, ಟೀಚರ್. ಐ ಹ್ಯಾವ್ ಈಟನ್.”

“ಅಮ್ಮ ಹೇಗಿದಾರೆ? ಇನ್ನೂ ಸಿಟ್ಟಾ?”

“ಶೀ ಈಸ್ ಫೈನ್, ಟೀಚರ್. ಥ್ಯಾಂಕ್ ಯೂ, ಟೀಚರ್.”

ಅಷ್ಟು ಹೇಳಿ, ಅಪ್ಪಣೆಗೆ ಕಾಯುವವಳಂತೆ ನಿಂತೇ ಇದ್ದಳು. ಭಾರ್ಗವಿ ತಲೆಯಾಡಿಸಿದ ಮೇಲೆ ಮೆಟ್ಟಿಲಿಳಿದು ಹೋದಳು.

ಮೈದಾನದ ಆಚೆ, ಬೇಲಿಯ ಹತ್ತಿರ ಯಾರೋ ಒಂದು ಕರುವನ್ನು ಕಟ್ಟಿಹೋಗಿದ್ದರು. ಭಾಗ್ಯ ಅದರ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಹುಲ್ಲು ಕಿತ್ತು ಒಂದೊಂದೇ ಎಸಳು ಕೊಡುತ್ತ ಮಾತಾಡತೊಡಗಿದಳು. ಅವಳ ತುಟಿ ಬಿಡುವಿಲ್ಲದೆ ಅಲುಗುತ್ತಿತ್ತು. ಕರು ಮೆಲ್ಲುವುದನ್ನು ನಿಲ್ಲಿಸಿ ಕಿವಿಯನ್ನು ಅವಳ ಕಡೆ ತಿರುಗಿಸಿತ್ತು. ಜಗಲಿಯವರೆಗೆ ಏನೂ ಕೇಳಿಸುತ್ತಿರಲಿಲ್ಲ.